ರಗ್ಬಿಯವರು ಸಭ್ಯರು, ಫುಟ್‌ಬಾಲಿನವರು ಪುಂಡರು ಅಂತಾರೆ. ಮಗನನ್ನು ಯಾವುದಕ್ಕೆ ಸೇರಿಸಲಿ?

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು, ಈಗ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿದ್ದೇವೆ. ಮಗನಿಗೆ ಎಂಟು ವರ್ಷ, ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ಇದು ರಗ್ಬಿಯ ಊರು. ಸ್ಕೂಲಿನ ಗೇಟಿನ ಹತ್ತಿರ ನಿಂತರೆ ಸಾಕು, "ರಗ್ಬಿಗೆ ಹಾಕಿ, ಹುಡುಗ ಶಿಸ್ತು ಕಲಿಯುತ್ತಾನೆ" ಎನ್ನುವವರೇ ಎಲ್ಲರೂ. ಫುಟ್‌ಬಾಲ್ ಸಭ್ಯರ ಆಟ, ಆಡುವವರು ಪುಂಡರು. ರಗ್ಬಿ ಪುಂಡರ ಆಟ, ಆಡುವವರು ಸಭ್ಯರು ಎಂಬ ಹಳೇ ಮಾತನ್ನೂ ಹೇಳುತ್ತಾರೆ. ನಮ್ಮ ಯಜಮಾನರಿಗೂ ಅದು ನಿಜ ಅನ್ನಿಸಿದೆ. ಮೈದಾನದ ಹೊರಗೆ ಇವರ ನಡತೆ ಅಷ್ಟೊಂದು ಬೇರೆಯಾ? ಮಕ್ಕಳನ್ನು ಆಡಿಸಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ರೆಡಿಂಗ್‌ನಿಂದ, ರಗ್ಬಿ ಆಡುವ ಹುಡುಗನ ಅಮ್ಮ:

ನನ್ನ ಮಗನಿಗೆ ಒಳ್ಳೆಯದೇ ಆಗಿದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದ ಮಕ್ಕಳು ಒಟ್ಟಿಗೆ ಕೂತು ತಿನ್ನುತ್ತಾರೆ. ನಾವು ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಅವನಿಗೆ ಬೇರೆ ತಟ್ಟೆ ತೆಗೆದಿಡುತ್ತಾರೆ. ಎದುರಾಳಿಯ ಕೈಕುಲುಕದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಇದನ್ನು ನಾನು ಫುಟ್‌ಬಾಲ್ ಕಡೆ ಇಷ್ಟು ನೋಡಿಲ್ಲ.

ಲೀಡ್ಸ್‌ನಿಂದ, ಒಬ್ಬ ತಂದೆ:

ಅಕ್ಕ, ನನ್ನ ದೊಡ್ಡ ಮಗ ರಗ್ಬಿ, ಚಿಕ್ಕವನು ಫುಟ್‌ಬಾಲ್. ಎರಡೂ ಕಡೆ ಚಳಿಯಲ್ಲಿ ನಿಂತು ನೋಡಿದ್ದೇನೆ. ರೆಫರಿಯ ಜೊತೆ ನಡೆದುಕೊಳ್ಳುವ ರೀತಿಯಲ್ಲಿ ರಗ್ಬಿ ಮುಂದಿದೆ, ಇದು ನಿಜ. ಕ್ಯಾಪ್ಟನ್ ಬಿಟ್ಟು ಬೇರೆಯವರು ವಾದ ಮಾಡುವ ಹಾಗಿಲ್ಲ. ಬಾಯಿ ಮಾಡಿದರೆ ಎದುರಾಳಿಗೆ ಸಿಕ್ಕ ಪೆನಾಲ್ಟಿ ಹತ್ತು ಮೀಟರ್ ಮುಂದೆ ಹೋಗುತ್ತದೆ. ಫುಟ್‌ಬಾಲ್‌ನಲ್ಲಿ ಕ್ಯಾಪ್ಟನ್ ಒಬ್ಬನೇ ರೆಫರಿ ಹತ್ತಿರ ಹೋಗಲಿ ಎಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಗಟ್ಟಿಯಾಗಿ ಹೇಳಿದ್ದು 2024ರ ಯುರೋ ಕಪ್‌ನಲ್ಲಿ. ಆದರೆ ರಗ್ಬಿಯಲ್ಲೂ ಈ ಮರ್ಯಾದೆ ಕಡಿಮೆಯಾಗುತ್ತಿದೆ. 2023ರ ವಿಶ್ವಕಪ್ ಫೈನಲ್ ನಡೆಸಿದ ವೇಯ್ನ್ ಬಾರ್ನ್ಸ್ ಅವರಿಗೂ ಅವರ ಮನೆಯವರಿಗೂ ಆನ್‌ಲೈನ್‌ನಲ್ಲಿ ಬೆದರಿಕೆಗಳು ಬಂದವು. ಅದೇ ಪಂದ್ಯದ ಟಿವಿ ರೆಫರಿ ಟಾಮ್ ಫೋಲಿ ಬೈಗುಳ ತಡೆಯಲಾರದೆ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು.

ನೀವು ಕೇಳಿದ್ದು ಮೈದಾನದ ಹೊರಗಿನ ವಿಷಯ. ಅಲ್ಲಿ ನನಗೆ ಕಾಣುವುದೇ ಬೇರೆ. ರಗ್ಬಿಯವರು ಕುಡಿದು ಮಾಡಿದ ಗಲಾಟೆ ಕಥೆಯಾಗುತ್ತದೆ, ಫುಟ್‌ಬಾಲಿನವರು ಮಾಡಿದ್ದು ಅಪರಾಧವಾಗುತ್ತದೆ. ಕಲ್ಕತ್ತಾ ಕಪ್ ಗೊತ್ತಲ್ವಾ? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿ ಪಂದ್ಯ ಗೆದ್ದವರಿಗೆ ಕೊಡುವುದು. 1870ರ ದಶಕದಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಕಪ್ ಅದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ನಮ್ಮ ದೇಶದ ಬೆಳ್ಳಿ, ನಮ್ಮ ಕಡೆಯ ಕೆಲಸ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಇಂಗ್ಲೆಂಡಿನ ಡೀನ್ ರಿಚರ್ಡ್ಸ್, ಸ್ಕಾಟ್ಲೆಂಡಿನ ಜಾನ್ ಜೆಫ್ರಿ ಅದನ್ನು ಎಡಿನ್‌ಬರೋ ಬೀದಿಗೆ ಒಯ್ದರು. ಬೆಳಗಾಗುವಷ್ಟರಲ್ಲಿ ಕಪ್ ಜಜ್ಜಿಹೋಗಿತ್ತು. ರಿಚರ್ಡ್ಸ್‌ಗೆ ಒಂದು ಪಂದ್ಯದ ನಿಷೇಧ, ಜೆಫ್ರಿಗೆ ತಿಂಗಳುಗಟ್ಟಲೆ. ಮುಂದೆ ಜೆಫ್ರಿ ಸ್ಕಾಟಿಷ್ ರಗ್ಬಿಯ ಆಡಳಿತ ಮಂಡಳಿಗೇ ಮುಖ್ಯಸ್ಥರಾದರು. ಈ ಕಥೆಯನ್ನು ಇಲ್ಲಿನ ಕ್ಲಬ್ಬುಗಳಲ್ಲಿ ಇವತ್ತಿಗೂ ಪ್ರೀತಿಯಿಂದ ಹೇಳುತ್ತಾರೆ. ಇಬ್ಬರು ಫುಟ್‌ಬಾಲ್ ಆಟಗಾರರು ಎಫ್‌ಎ ಕಪ್ಪನ್ನು ಹೀಗೆ ಮಾಡಿದ್ದರೆ ಪತ್ರಿಕೆಗಳು ಅವರನ್ನು ಜೀವಮಾನವಿಡೀ ಬಿಡುತ್ತಿರಲಿಲ್ಲ.

2011ರ ವಿಶ್ವಕಪ್‌ಗೆ ನ್ಯೂಜಿಲೆಂಡಿಗೆ ಹೋದ ಇಂಗ್ಲೆಂಡ್ ತಂಡದ್ದೂ ಇದೇ. ಕ್ವೀನ್ಸ್‌ಟೌನ್‌ನ ಬಾರ್‌ನಲ್ಲಿ ಕಳೆದ ರಾತ್ರಿಗಾಗಿ ಮೈಕ್ ಟಿಂಡಲ್‌ಗೆ 25,000 ಪೌಂಡ್ ದಂಡ ಬಿತ್ತು, ಮೇಲ್ಮನವಿಯಲ್ಲಿ 15,000ಕ್ಕೆ ಇಳಿಯಿತು. ಮಾನು ಟುಯಿಲಾಗಿ ಆಕ್ಲೆಂಡ್ ಬಂದರಿನಲ್ಲಿ ಫೆರ್ರಿಯಿಂದ ನೀರಿಗೆ ಹಾರಿದರು. ಆ ಪ್ರವಾಸದಿಂದ ರಗ್ಬಿಯ ಹೆಸರಿಗೆ ಎಷ್ಟು ಪೆಟ್ಟು ಬಿತ್ತು? ಸ್ವಲ್ಪ ದಿನ, ಅಷ್ಟೇ.

ಕಾರಣ ವರ್ಗಭೇದ ಅಂತ ನನ್ನ ನಂಬಿಕೆ. ನಮ್ಮ ಪಕ್ಕದ ಹಡರ್ಸ್‌ಫೀಲ್ಡ್‌ನಲ್ಲೇ 1895ರಲ್ಲಿ ರಗ್ಬಿ ಎರಡಾಯಿತು. ಗಿರಣಿ ಕೆಲಸದವರು, ಗಣಿ ಕೆಲಸದವರು ಆಡಲು ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಲು ಇಲ್ಲಿನ ಕ್ಲಬ್ಬುಗಳು ಕೇಳಿದವು, ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಹಾಗೆ ರಗ್ಬಿ ಲೀಗ್ ಎಂಬ ಆಟ ಬೇರೆಯಾಯಿತು, ಲಂಡನ್ನಿನವರ ಕಡೆ ಉಳಿದದ್ದು ರಗ್ಬಿ ಯೂನಿಯನ್. ಅದರಲ್ಲಿ 1995ರವರೆಗೂ ಸಂಬಳ ಕೊಡುವ ಹಾಗೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಫೀಸು ಕಟ್ಟುವ ಶಾಲೆಗಳ ಆಟವಾಗಿ ಉಳಿಯಿತು. ಡಾಕ್ಟರು, ವಕೀಲರು ಕುಡಿದು ಕೂಗಿದರೆ ಅದು ಮೋಜು. ಬಡ ಬಡಾವಣೆಯಿಂದ ಬಂದು ಹತ್ತೊಂಬತ್ತಕ್ಕೇ ಕೋಟಿ ನೋಡಿದ ಹುಡುಗ ದುಬಾರಿ ಕಾರು ಕೊಂಡರೂ ಸುದ್ದಿ.

ಕೋವಿಡ್ ಶುರುವಾದಾಗ, ಏಪ್ರಿಲ್ 2020ರಲ್ಲಿ, ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆಟಗಾರರು ಸಂಬಳ ಕಡಿತ ಒಪ್ಪಿಕೊಳ್ಳಲಿ ಎಂದರು. ಬ್ಯಾಂಕಿನವರಿಗೆ ಹೇಳಲಿಲ್ಲ, ಇವರಿಗೆ ಹೇಳಿದರು. ಆಟಗಾರರು ಅಷ್ಟರಲ್ಲಾಗಲೇ ಲಿವರ್‌ಪೂಲ್ ಕ್ಯಾಪ್ಟನ್ ಜೋರ್ಡನ್ ಹೆಂಡರ್ಸನ್ ಮುಂದಾಳತ್ವದಲ್ಲಿ ಆಸ್ಪತ್ರೆಗಳಿಗೆ ಹಣ ಕೂಡಿಸುವ ಮಾತುಕತೆಯಲ್ಲಿದ್ದರು. ನೆನೆದರೆ ಈಗಲೂ ಬೇಜಾರಾಗುತ್ತದೆ.

ಮ್ಯಾಂಚೆಸ್ಟರ್‌ನಿಂದ, ಶಾಲೆಯಲ್ಲಿ ಕೆಲಸ ಮಾಡುವ ಒಬ್ಬರು:

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಅದೇ ವರ್ಷ ಜೂನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಬೇಸಿಗೆ ರಜೆಯಲ್ಲೂ ಬಡ ಮಕ್ಕಳಿಗೆ ಊಟ ಸಿಗಲಿ ಎಂದು ಸರ್ಕಾರಕ್ಕೆ ಬರೆದರು. ಮೊದಲು ಆಗಲ್ಲ ಎಂದ ಸರ್ಕಾರ ಆಮೇಲೆ ಒಪ್ಪಿತು. ಇಂಗ್ಲೆಂಡಿನ ಸುಮಾರು 13 ಲಕ್ಷ ಮಕ್ಕಳಿಗೆ ಆ ಊಟದ ವೋಚರ್‌ಗಳ ಹಕ್ಕಿತ್ತು. ಆಗ ಮಾರ್ಕಸ್‌ಗೆ 22 ವರ್ಷ. ನಮ್ಮ ಶಾಲೆಯಲ್ಲಿ ಆ ಊಟವನ್ನೇ ನಂಬಿದ ಮಕ್ಕಳಿದ್ದರು, ನಾನು ಕಂಡಿದ್ದೇನೆ.

ಹಾಗಂತ ಫುಟ್‌ಬಾಲಿನವರೆಲ್ಲ ಹೀಗೆ ಅಂತಲ್ಲ. ಆರ್ಸೆನಲ್ ಕ್ಯಾಪ್ಟನ್ ಟೋನಿ ಆಡಮ್ಸ್ 1990ರಲ್ಲಿ ಕುಡಿದು ಕಾರು ಓಡಿಸಿ ಜೈಲಿಗೆ ಹೋದರು. ಆದರೆ ಕುಡಿತ ಬಿಟ್ಟ ಮೇಲೆ ಚಟಕ್ಕೆ ಬಿದ್ದ ಆಟಗಾರರಿಗಾಗಿ 2000ದಲ್ಲಿ ಸ್ಪೋರ್ಟಿಂಗ್ ಚಾನ್ಸ್ ಎಂಬ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಆಮೇಲೆ ರಗ್ಬಿ ಲೀಗ್ ಸಂಸ್ಥೆಗೇ ಅಧ್ಯಕ್ಷರಾಗಿದ್ದರು.

ಕಾರ್ಡಿಫ್‌ನಿಂದ, ಹೆಣ್ಣುಮಗಳ ತಾಯಿ:

ವೇಲ್ಸ್‌ನಲ್ಲಿ ರಗ್ಬಿ ಗಣಿ ಕೆಲಸದವರ ಆಟ, ಸಾಹೇಬರದ್ದಲ್ಲ. ಆದರೆ ಇಲ್ಲೂ ಎಲ್ಲ ಚೆನ್ನಾಗಿಲ್ಲ. ಜನವರಿ 2023ರಲ್ಲಿ ಬಿಬಿಸಿಯು ಇಲ್ಲಿನ ರಗ್ಬಿ ನಡೆಸುವ ಸಂಸ್ಥೆಯಾದ ವೇಲ್ಸ್ ರಗ್ಬಿ ಯೂನಿಯನ್ನಿನ ಕಚೇರಿಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಹೊರಗೆ ತಂದಿತು. ಮುಖ್ಯ ಅಧಿಕಾರಿ ರಾಜೀನಾಮೆ ಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಸ್ವತಂತ್ರ ವರದಿಯೂ ಅಲ್ಲಿ ಗಂಭೀರ ತಪ್ಪುಗಳಾಗಿವೆ ಎಂದಿತು. ಸಭ್ಯರ ಆಟ ಅನ್ನೋ ಹೆಸರೇ ಇಂಥದ್ದನ್ನು ಅಷ್ಟು ದಿನ ಮುಚ್ಚಿಟ್ಟಿತು ಅಂತ ನನಗೆ ಅನ್ನಿಸುತ್ತದೆ. ಹೆಸರು ಒಳ್ಳೆಯದಿದ್ದ ಕಡೆ ದೂರು ಹೇಳಿದವರೇ ಕೆಟ್ಟವರಾಗುತ್ತಾರೆ.

ಸಿಡ್ನಿಯಿಂದ:

ಇಲ್ಲಿಗೆ ಬನ್ನಿ, ಚಿತ್ರ ತಿರುಗುಮುರುಗು. ಇಲ್ಲಿ ಪುಂಡರ ಹೆಸರು ಇರುವುದು ರಗ್ಬಿ ಲೀಗ್‌ಗೆ. ಸೀಸನ್ ಮುಗಿದ ಮೇಲಿನ ಕುಡಿತ, ಹೊಡೆದಾಟ, ಹೆಂಗಸರ ಮೇಲಿನ ದೌರ್ಜನ್ಯದ ಕೇಸುಗಳು ಜಾಸ್ತಿಯಾಗಿ, 2019ರಲ್ಲಿ ಇಲ್ಲಿನ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್ ಒಂದು ನಿಯಮ ತಂದಿತು. 11 ವರ್ಷ ಅಥವಾ ಹೆಚ್ಚಿನ ಜೈಲು ಆಗಬಹುದಾದ ಆರೋಪ ಬಂದರೆ ಕೋರ್ಟು ತೀರ್ಪು ಬರುವವರೆಗೆ ಆಟಗಾರ ಹೊರಗೆ. ಯೂನಿಯನ್ ಆಡುವವರು ಇಲ್ಲೂ ಖಾಸಗಿ ಶಾಲೆಯ ಹುಡುಗರು, ಇಲ್ಲೂ ಸಭ್ಯರು ಎನ್ನಿಸಿಕೊಂಡವರು ಅವರೇ. ಲೀಡ್ಸ್‌ನವರ ಮಾತು ಇಲ್ಲೂ ಸರಿಹೊಂದುತ್ತದೆ.

ಬ್ರಿಸ್ಟಲ್‌ನಿಂದ, ಮಕ್ಕಳ ತಂಡಗಳಿಗೆ ತರಬೇತಿ ಕೊಡುವವರು:

ತಂಗಿ, ನಿಮ್ಮ ಪುಟ್ಟನ ವಯಸ್ಸಿಗೆ ಬೇಕಾದ ಮಾತು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಎಂಟರೊಳಗಿನವರದ್ದು ಟ್ಯಾಗ್ ರಗ್ಬಿ, ಎದುರಾಳಿಯ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಎಳೆಯುವುದು ಮಾತ್ರ. ಒಂಬತ್ತರೊಳಗಿನವರ ಗುಂಪಿನಿಂದ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದು, ಶುರು. ಅಂದರೆ ಆ ನಿರ್ಧಾರ ನಿಮಗೆ ಈಗಲೇ ಬರುತ್ತದೆ. 2003ರ ವಿಶ್ವಕಪ್ ಗೆದ್ದ ಸ್ಟೀವ್ ಥಾಂಪ್ಸನ್‌ಗೆ ಆ ಫೈನಲ್ಲೇ ನೆನಪಿಲ್ಲ, ಮರೆವಿನ ಕಾಯಿಲೆ ಬಂದಿದೆ, ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣ ಎನ್ನುತ್ತಾರೆ. ಇದನ್ನು ನಡತೆಯ ಪ್ರಶ್ನೆಗಿಂತ ಮೊದಲು ಯೋಚಿಸಿ. ಫುಟ್‌ಬಾಲ್‌ನಲ್ಲೂ ಚಿಕ್ಕ ಮಕ್ಕಳ ಪಂದ್ಯಗಳಿಂದ ತಲೆಯಲ್ಲಿ ಚೆಂಡು ಹೊಡೆಯುವುದನ್ನು 2024ರಿಂದ ಹಂತಹಂತವಾಗಿ ತೆಗೆಯುತ್ತಿದ್ದಾರೆ.

ನಡತೆಯ ವಿಷಯಕ್ಕೆ ಟಿವಿಯಲ್ಲಿ ಬರುವ ಆಟಗಾರರನ್ನು ನೋಡಬೇಡಿ, ಕ್ಲಬ್ ನೋಡಿ. ಮಕ್ಕಳ ಸುರಕ್ಷತೆಯ ಅಧಿಕಾರಿ ಯಾರು ಎಂದು ಕೇಳಿ. ಹೆಸರು, ಫೋನ್ ನಂಬರ್ ಗೋಡೆಯ ಮೇಲೆ ಇರಬೇಕು. ಬೈಯುವ ಅಪ್ಪನನ್ನು ಯಾವತ್ತಾದರೂ ಹೊರಗೆ ಕಳಿಸಿದ್ದಾರಾ ಕೇಳಿ. ದೊಡ್ಡವರ ತಂಡ ಗೆದ್ದ ದಿನ ಕ್ಲಬ್ಬಿನ ಬಾರ್‌ನಲ್ಲಿ ಮಕ್ಕಳ ಎದುರು ಹೇಗಿರುತ್ತಾರೆ ನೋಡಿ. ಸೇರಿಸುವ ಮೊದಲು ಎರಡೂ ಕಡೆ ಒಂದೊಂದು ಭಾನುವಾರ ಬೆಳಿಗ್ಗೆ ಸುಮ್ನೆ ಹೋಗಿ, ಸೋಲುತ್ತಿರುವ ತಂಡದ ಅಪ್ಪ ಅಮ್ಮಂದಿರ ಪಕ್ಕ ನಿಲ್ಲಿ. ಅವನಿಗೆ ಫುಟ್‌ಬಾಲ್ ಪ್ರಾಣ ಅಂದಿರಲ್ಲ, ಆ ಕ್ಲಬ್ ಸರಿ ಕಂಡರೆ ಅಲ್ಲೇ ಹಾಕಿ.