ಪದಚರ್ಚೆ: ಫರ್ನ್, ಸ್ಪೋರ್, ಸೋರಸ್ (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನಕ್ಕೆ ರಿಚರ್ಡ್ ಹೆನ್ರಿ ಬೆಡ್ಡೋಮ್ ಅವರ ಬಗ್ಗೆ ಕನ್ನಡದಲ್ಲಿ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಬದುಕಿನ ಭಾಗ ಮುಗಿದಿದೆ. 1830ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ್ದು, ಅಲ್ಲಿಂದ ಮದ್ರಾಸ್ ಅರಣ್ಯ ಇಲಾಖೆಗೆ ಬಂದದ್ದು, 1860ರಿಂದ 1882ರವರೆಗೆ ಅದರ ಮುಖ್ಯಸ್ಥರಾಗಿದ್ದದ್ದು, 1911ರಲ್ಲಿ ತೀರಿಕೊಂಡದ್ದು. ಕನ್ಸರ್ವೇಟರ್ ಎಂಬುದಕ್ಕೆ 'ಅರಣ್ಯ ಸಂರಕ್ಷಣಾಧಿಕಾರಿ' ಎಂದು ಹಾಕಿದ್ದೇನೆ, ಸರಿ ಅಲ್ವಾ?

ತೊಡಕು ಇರುವುದು ಕೆಲಸದ ಭಾಗದಲ್ಲಿ. ದಕ್ಷಿಣ ಭಾರತದ ಫರ್ನ್‌ಗಳ ಮೇಲೆ 1863ರಿಂದ ಅವರು ಹೊರತಂದ ಚಿತ್ರಪುಸ್ತಕ, ಆಮೇಲೆ 1883ರ ಕೈಪಿಡಿ, ಇವೇ ಫಲಕದ ಜೀವಾಳ. ಫರ್ನ್ (ಹೂ ಬಿಡದ, ಗರಿಯಂಥ ಎಲೆಯ ಗಿಡ), ಸ್ಪೋರ್ (ಅದರ ಸಂತತಿ ಹರಡುವ ಸೂಕ್ಷ್ಮ ಕಣ), ಸೋರಸ್ (ಸ್ಪೋರ್ ಬಲಿಯುವ, ಎಲೆಯ ಬೆನ್ನಿನ ಚುಕ್ಕಿ), ಈ ಮೂರಕ್ಕೂ ಶಾಲೆಯ ಮಕ್ಕಳು ನಿಂತು ಓದುವಂಥ ಪದ ಬೇಕು.

---

ಫರ್ನ್ = ಜರೀಗಿಡ. ಸ್ಪೋರ್ = ಬೀಜಕ. ಸೋರಸ್ = ಬೀಜಕಗಳ ಗುಂಪು. ಪಠ್ಯಪುಸ್ತಕದಲ್ಲಿ ನೆಲೆ ನಿಂತ ಪದಗಳಿವು. ಚರ್ಚೆ ಬೇಕಿಲ್ಲ.

---

> ಚರ್ಚೆ ಬೇಕಿಲ್ಲ

ಬೇಕು. ಜರೀಗಿಡ ಸರಿ, ಒಪ್ಪಿದೆ. 'ಬೀಜಕ'ವನ್ನು ಮಾತ್ರ ದಯವಿಟ್ಟು ಆ ಫಲಕಕ್ಕೆ ಹಾಕಬೇಡಿ.

ಜರೀಗಿಡದ ವಿಶೇಷವೇ ಅದಕ್ಕೆ ಬೀಜ ಇಲ್ಲದಿರುವುದು. ಬೀಜ ಎಲ್ಲಿದೆ ಎಂದು ಯೂರೋಪಿನವರು ನೂರಾರು ವರ್ಷ ಹುಡುಕಿದರು. ಕಣ್ಣಿಗೆ ಕಾಣದ ಬೀಜ ಇರಬೇಕು, ಅದು ಕೈಗೆ ಸಿಕ್ಕಿದವನೂ ಯಾರ ಕಣ್ಣಿಗೂ ಕಾಣುವುದಿಲ್ಲ ಎಂದು ನಂಬಿದ್ದರು. ಬೀಜದೊಳಗೆ ಆಗಲೇ ಒಂದು ಪುಟ್ಟ ಗಿಡ ಮಲಗಿರುತ್ತದೆ. ಸ್ಪೋರ್ ಬರೀ ಒಂದು ಜೀವಕೋಶ. ಅದು ಮೊಳೆತರೆ ಜರೀಗಿಡ ಬರುವುದಿಲ್ಲ. ಬರುವುದು ನೆಲಕ್ಕೆ ಅಂಟಿಕೊಂಡ, ಉಗುರಿಗಿಂತ ಸಣ್ಣ, ಸಾಮಾನ್ಯವಾಗಿ ಹೃದಯದ ಆಕಾರದ ಒಂದು ಹಸಿರು ಬಿಲ್ಲೆ. ಅದರ ಅಡಿಯಲ್ಲಿ ಗಂಡುಕಣ ನೀರಿನಲ್ಲಿ ಈಜಿಕೊಂಡು ಹೋಗಿ ಹೆಣ್ಣುಕಣವನ್ನು ಸೇರಬೇಕು. ಆಮೇಲೆ ಬರುವುದು ನಾವು ನೋಡುವ ಗಿಡ. ಈ ಎರಡು ಬದುಕುಗಳ ಸರಪಳಿಯನ್ನು ಜರ್ಮನಿಯ ಸಸ್ಯವಿಜ್ಞಾನಿ ಹಾಫ್‌ಮೈಸ್ಟರ್ ತೋರಿಸಿಕೊಟ್ಟದ್ದು 1851ರಲ್ಲಿ, ಬೆಡ್ಡೋಮ್ ಇನ್ನೂ ಸೈನ್ಯದಲ್ಲಿದ್ದಾಗ. ಇಷ್ಟು ಕಷ್ಟಪಟ್ಟು 'ಇದು ಬೀಜ ಅಲ್ಲ' ಎಂದು ತಿಳಿದುಕೊಂಡ ಮೇಲೆ ಮತ್ತೆ ಬೀಜವನ್ನೇ ಹೆಸರಿಗೆ ತರಬೇಕೇ?

ಸೋರಸ್‌ಗೆ 'ಕಂದುಚುಕ್ಕಿ' ಸಾಕು. ಎಲೆ ಮಗುಚಿದರೆ ಮಗುವಿಗೂ ಕಾಣುವುದು ಅದೇ. ಬಲಿತ ಎಲೆಯನ್ನು ಬೆನ್ನು ಕೆಳಗಾಗಿ ಬಿಳಿ ಕಾಗದದ ಮೇಲೆ ಒಂದು ರಾತ್ರಿ ಇಟ್ಟುನೋಡಿ. ಬೆಳಿಗ್ಗೆ ಎಲೆ ಎತ್ತಿದರೆ ಚುಕ್ಕಿಗಳ ಸಾಲೇ ಹುಡಿಯಲ್ಲಿ ಮೂಡಿರುತ್ತದೆ. ಅದನ್ನು ನೋಡಿದವರು 'ಹುಡಿ' ಎನ್ನುತ್ತಾರೆ, ಬೀಜ ಎನ್ನುವುದಿಲ್ಲ. ಒಂದು ಕಣ ಎನ್ನಬೇಕಾದಲ್ಲಿ 'ಹುಡಿಕಣ' ಎನ್ನಿ.

---

ಮೂಲಕ್ಕೇ ಹೋಗೋಣ. ಇಂಗ್ಲಿಷಿನ ಫರ್ನ್ ಮತ್ತು ಸಂಸ್ಕೃತದ ಪರ್ಣ ಒಂದೇ ಬೇರಿನ ಪದಗಳು. ಪರ್ಣ ಎಂದರೆ ಗರಿ, ರೆಕ್ಕೆ, ಎಲೆ. ಗ್ರೀಕಿನಲ್ಲೂ ಇದರ ಹೆಸರು ಪ್ಟೆರಿಸ್, ಅದು ಗರಿಗೆ ಸಂಬಂಧಿಸಿದ್ದು. ಹಿಂದಿಯಲ್ಲಿ 'ಪರ್ಣಾಂಗ' ಬಳಕೆಯಲ್ಲಿದೆ. ನಾವೂ ಅದನ್ನೇ ತೆಗೆದುಕೊಂಡರೆ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುತ್ತದೆ. ಜರೀಗಿಡದಲ್ಲಿರುವ ಜರಿ ಸೀರೆಯ ಜರಿ, ಅಂದರೆ ಪಾರ್ಸಿಯಿಂದ ಬಂದದ್ದು. ಅದನ್ನು ಕನ್ನಡ ಎಂದು ಎತ್ತಿ ಹಿಡಿಯುವುದರಲ್ಲಿ ಅರ್ಥವಿಲ್ಲ.

---

ಸೀರೆಯ ಜರಿ ಎಂದು ಯಾರು ಹೇಳಿದರು? ಕನ್ನಡದಲ್ಲಿ ಜರಿ ಎಂದರೆ ಶತಪದಿ. ನಡುವೆ ಒಂದು ದಂಟು, ಎರಡೂ ಕಡೆ ಸಾಲು ಕಾಲು. ಜರೀಗಿಡದ ಎಲೆಯೂ ಹಾಗೇ ಇಲ್ಲವೇ? ನನ್ನ ಮಟ್ಟಿಗೆ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಪಾರ್ಸಿಯಿಂದ ಬಂದಿದ್ದರೂ ತೊಂದರೆ ಏನು? ಕಾಗದ, ಜಮೀನು ಎಲ್ಲ ಬಂದಿಲ್ಲವೇ? ಜನ ಬಾಯಲ್ಲಿ ಆಡಿ ಸವೆಸಿದ ಪದ ನಮ್ಮದು. 'ಪರ್ಣಾಂಗ' ಎಂದು ಯಾರ ಬಾಯಲ್ಲಿ ಕೇಳಿದ್ದೀರಿ?

---

ಬಾಯಲ್ಲಿ ಆಡುವ ಪದವೇ ಬೇಕಾದರೆ ಕೊಡಗಿನವರ 'ತೆರ್ಮೆ' ಇದೆ. ಅದನ್ನು ಯಾರೂ ಎತ್ತಲಿಲ್ಲ.

---

ತೆರ್ಮೆ ಒಳ್ಳೆಯ ಪದ. ಆದರೆ ಅದು ಸೊಪ್ಪಾಗಿ ಕೊಯ್ಯುವ ಜರೀಗಿಡದ ಹೆಸರು. ಇಡೀ ಗುಂಪಿಗೆ ಹಾಕಿದರೆ ಇದ್ದ ಅರ್ಥವೂ ಕೆಡುತ್ತದೆ.

ಹುಡಿಕಣದವರಿಗೆ ಒಂದು ಮಾತು. ಗ್ರೀಕಿನ ಸ್ಪೋರಾ ಎಂದರೂ ಬಿತ್ತನೆ, ಬೀಜ ಎಂದೇ. ಅವರಿಗೆ ಆಗದ ಗೊಂದಲ ನಮಗೆ ಯಾಕೆ? ಬೀಜಕ ಎನ್ನುವುದು ಸರಿಯಾದ ಅನುವಾದವೇ.

---

ಅನುವಾದ ಸರಿ ಇರಬಹುದು. ಆದರೆ ಸ್ಪೋರ್ ಎಂದಾಗ ಇವತ್ತು ಯಾರಿಗೂ ಗ್ರೀಕ್ ಕೇಳಿಸುವುದಿಲ್ಲ. ಬೀಜಕ ಎಂದಾಗ ಕನ್ನಡದ ಮಗುವಿಗೆ ಬೀಜ ಕೇಳಿಸಿಯೇ ಕೇಳಿಸುತ್ತದೆ. ನಾನು ತರಗತಿಯಲ್ಲಿ ಇದನ್ನು ವರ್ಷಗಟ್ಟಲೆ ಕಂಡಿದ್ದೇನೆ. 'ಜರೀಗಿಡದ ಬೀಜ' ಎಂದೇ ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ತಪ್ಪು ಮಕ್ಕಳದಲ್ಲ, ಪದದ್ದು.

---

ಎಲ್ಲರಿಗೂ ಥ್ಯಾಂಕ್ಸ್. ಬೀಜಕ ಬಿಟ್ಟೆ. ಫಲಕದ ಸಾಲು ಹೀಗಿದೆ: "ಎಲೆಯ ಬೆನ್ನಿನಲ್ಲಿ ಕಾಣುವ ಕಂದುಚುಕ್ಕಿಗಳಲ್ಲಿ ಹುಡಿಕಣಗಳು, ಅಂದರೆ ಸ್ಪೋರ್‌ಗಳು, ಬಲಿಯುತ್ತವೆ. ಜರಿಗಿಡಗಳಿಗೆ ಹೂವಿಲ್ಲ, ಬೀಜವೂ ಇಲ್ಲ. ಬೆಡ್ಡೋಮ್ ಇವುಗಳನ್ನು ಒಂದೊಂದಾಗಿ ಗುರುತಿಸಿ, ಚಿತ್ರಸಮೇತ ದಾಖಲಿಸಿದರು." ರಾತ್ರಿ ಹತ್ತರೊಳಗೆ ಏನಾದರೂ ಇದ್ದರೆ ಹೇಳಿ.

---

ಜರೀಗಿಡ. ದೀರ್ಘ ಬಿಟ್ಟುಹೋಗಿದೆ, ಸರಿಮಾಡಿ.