ಎಡಗಡೆ ಮುಂದಿನ ಟೈರ್ ಹವಾ ಇಳಿತದ, ಪಂಚರ್ ಎಲ್ಲೂ ಸಿಗವಲ್ದು

ಜೇವರ್ಗಿರೋಡ್_ಕಲಬುರಗಿ
ನಾಕು ದಿನಕ್ಕ ಹವಾದ ಒತ್ತಡ 33 ಪಿಎಸ್‌ಐದಿಂದ 26ಕ್ಕ ಬರ್ತದ. ಟ್ಯೂಬ್‌ಲೆಸ್. ಎರಡು ಅಂಗಡ್ಯಾಗ ನೀರಾಗ ಮುಳುಗಿಸಿ ನೋಡಿ ಏನಿಲ್ಲ ಅಂದ್ರು. ಹವಾ ಹೊಡ್ಸಿ ಹೊಡ್ಸಿ ಸಾಕಾಗ್ಯದ. ಹೊಸ ಟೈರೇ ಹಾಕ್ಸಬೇಕೇನ್ರಿ?

ಹುಮನಾಬಾದ್_ಪಾನಾ
ವಾಲ್ವ್ ಪಿನ್ ರೀ, ವಾಲ್ವಿನೊಳಗ ಹವಾ ತಡಿಯೋದು, ಬ್ಯಾರೆ ಏನಿಲ್ಲ. ಕ್ಯಾಪ್ ತೆಗೆದು ವಾಲ್ವ್ ಬಾಯಿಗೆ ಸಾಬೂನು ನೀರು ಒಂದು ಹನಿ ಬಿಡ್ರಿ. ಗುಳ್ಳಿ ಉಬ್ಬಿತಂದ್ರ ಪಿನ್ ಹೋಗ್ಯದ.

ಯಾದಗಿರಿ_15ಇಂಚು
ಟೈರ್ ಎಷ್ಟು ವರ್ಷದ್ದು? ಪಕ್ಕದ ಗ್ವಾಡಿ ಮ್ಯಾಲ ಡಿಓಟಿ (DOT) ಅಂತ ಬರೆದ ಸಾಲಿನ ಕಡೀ ನಾಕು ಅಂಕಿ ನೋಡ್ರಿ, 2321 ಅಂದ್ರ 2021ರ 23ನೇ ವಾರ. ರಿಮ್ ಸ್ಟೀಲೋ ಅಲಾಯೋ?

ಜೇವರ್ಗಿರೋಡ್_ಕಲಬುರಗಿ
ಟೈರ್ ಎರಡು ವರ್ಷದ್ದು. ಪಿನ್ ಬದ್ಲಿ ಮಾಡ್ಸಿದೆ, ಮತ್ತ ಇಳೀತು.

ಹುಮನಾಬಾದ್_ಪಾನಾ
ಹಳೇ ಪಿನ್ನೇ ಬಿಗಿ ಮಾಡಿ ಕೊಟ್ಟಿರ್ತಾರ. ಇಲ್ಲಂದ್ರ ವಾಲ್ವ್ ಬುಡ. ಬೆರಳಿಂದ ಆಕಡಿ ಈಕಡಿ ಬಗ್ಗಿಸ್ರಿ, ರಬ್ಬರ್ ಸೀಳಿದ್ರ ಕಾಣ್ತದ.

ಬೀದರ್_ಬಿಸಿಲು
ನೈಟ್ರೋಜನ್ ಹಾಕ್ಸಿಬಿಡ್ರಿ. ಬ್ಯಾಸಗ್ಯಾಗ ಏರೂದೇ ಇಲ್ಲ.

ಯಾದಗಿರಿ_15ಇಂಚು
ಸಾದಾ ಹವಾದಾಗೇ ನೂರಕ್ಕ 78 ನೈಟ್ರೋಜನ್ ಅದ. ಬಿಸಿಗೆ ಎರಡೂ ಏರ್ತಾವ, 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ. ಸಂದಿ ಇದ್ರ ನೈಟ್ರೋಜನ್ ಭೀ ಅದೇ ಸಂದಿಯಿಂದ ಹೋಗ್ತದ.

ಬೀದರ್_ಬಿಸಿಲು
ಮಧ್ಯಾಹ್ನ 38 ತೋರಿಸಿದ್ರ ಹವಾ ಬಿಡೂದ್ ಬ್ಯಾಡೇನು? ಒಡೀತದಲ್ಲ.

ಯಾದಗಿರಿ_15ಇಂಚು
ಬಿಡಲೇಬಾರ್ದು. ಬಿಸಿ ಟೈರಿನಾಗ 38 ಇದ್ದದ್ದನ್ನ 33ಕ್ಕ ಇಳಿಸಿದ್ರ ಮುಂಜಾನಿ 29ರ ಆಸುಪಾಸು ಇರ್ತದ. ಕಮ್ಮಿ ಹವಾಕ್ಕ ಪಕ್ಕದ ಗ್ವಾಡಿ ಮಡಚಿ ಮಡಚಿ ಕಾಯ್ತದ, ಒಡಿಯೂದು ಆವಾಗ. ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿ ನೋಡಿ, ಗಾಡಿ ತಣ್ಣಗಿದ್ದಾಗ ಹೊಡ್ಸ್ರಿ.

ಜೇವರ್ಗಿರೋಡ್_ಕಲಬುರಗಿ
ನನ್ನ ಟೈರಿಂದ್ ಏನಾತ್ರಿ? ರಿಮ್ ಅಲಾಯ್. ಹೋದ ತಿಂಗಳ ಕರಿ ಪೌಡರ್ ಕೋಟಿಂಗ್ ಮಾಡ್ಸೀನಿ, ಮಸ್ತ್ ಕಾಣ್ತಾವ.

ಯಾದಗಿರಿ_15ಇಂಚು
ಇದನ್ನ ಮೊದ್ಲೇ ಹೇಳಬಾರದಿತ್ತೇನ್ರಿ! ಟೈರಿನ ಬೀಡ್, ಅಂದ್ರ ಟೈರಿನ ಒಳ ಅಂಚು, ಕೂಡೋ ರಿಮ್ಮಿನ ಅಂಚಿಗೂ ಬಣ್ಣ ಹೊಡೆದಿರ್ತಾರ. ಬಣ್ಣ ದಪ್ಪ ಕೂತಲ್ಲಿ, ಪದರ ಎದ್ದಲ್ಲಿ ಕೂದಲೆಳಿಯಷ್ಟು ಸಂದಿ ಉಳಿತದ. ಅಂಗಡ್ಯಾಗ ಚಕ್ರ ಗರ್ ಅಂತ ತಿರುವಿ ತೆಗೀತಾರ, ಇಂಥಾ ಸಂದಿಗೆ ಗುಳ್ಳಿ ಬರಲಿಕ್ಕೆ ಐದು ನಿಮಿಷ ಬೇಕು.

ಚಕ್ರ ಬಿಚ್ಚಿ 40 ಹೊಡ್ಸ್ರಿ, ಟೈರ್ ಮ್ಯಾಲ ಬರೆದ ಗರಿಷ್ಠ ದಾಟಬ್ಯಾಡ್ರಿ. ಮಲಗಿಸಿ, ರಿಮ್ಮಿಗೂ ಟೈರಿಗೂ ನಡುವಿನ ತಗ್ಗಿನಾಗ ಸಾಬೂನು ನೀರು ತುಂಬಿ ಬಿಡ್ರಿ. ಆಮ್ಯಾಲ ಮಗ್ಗಲ ಬದ್ಲಿಸ್ರಿ. ನೊರೆ ಬಂದಲ್ಲಿ ಸುಣ್ಣದ ಕಡ್ಡಿ ಗುರುತು.

ಇನ್ನೊಂದು, ಇದು ಹವಾಕ್ಕಿಂತ ಡೇಂಜರ್. ನಟ್ ಕೂಡೋ ಜಾಗಕ್ಕೂ ಬಣ್ಣ ಇದ್ರ ಓಡ್ತಾ ಓಡ್ತಾ ಬಣ್ಣ ನುಗ್ಗಾಗಿ ನಟ್ ಸಡಿಲಾಗ್ತಾವ. ಅಲ್ಲಿಯ ಬಣ್ಣ ತೆಗೆಸಿ, ಎದುರುಬದುರು ಬಿಗಿ ಮಾಡಿ, 50 ಕಿ.ಮೀ. ಓಡಿದ ಮ್ಯಾಲ ಟಾರ್ಕ್ ಪಾನಾ (ಬಿಗಿ ಅಳಿಯೋ ಪಾನಾ) ಹಚ್ಚಿ ಮತ್ತ ನೋಡ್ರಿ. ನಾಕೂ ಚಕ್ರ. ಎಷ್ಟು ಬಿಗಿ ಅಂಬೋದು ಗಾಡಿ ಪುಸ್ತಕದಾಗ ಇರ್ತದ.

ಬೀದರ್_ಬಿಸಿಲು
ನನ್ನ ಡಿಕ್ಕ್ಯಾಗ 12 ವೋಲ್ಟ್ ಕಂಪ್ರೆಸರ್, ಡಿಜಿಟಲ್ ಗೇಜ್, ಟಾರ್ಕ್ ಪಾನಾ ಮೂರೂ ಅವ.

ಹುಮನಾಬಾದ್_ಪಾನಾ
ನಿಮ್ಮ ಡಿಜಿಟಲ್ ಗೇಜಿಗಿಂತ ನಮ್ಮ ಮುಳ್ಳಿನ ಗೇಜೇ ಬರಾಬರ್ ರೀ.

ಜೇವರ್ಗಿರೋಡ್_ಕಲಬುರಗಿ
ಹೊರಗ ಏನಿಲ್ಲ. ಒಳಗಡೆ, ವಾಲ್ವಿನ ಎದುರಿಗೆ ಒಂದು ಗೇಣು ಜಾಗಾ ಸಣ್ಣ ನೊರೆ, ಮೊಸರು ಕಡದಂಗ. ಅಲ್ಲಷ್ಟೇ ಸೀಲರ್ (ಸಂದಿ ಮುಚ್ಚೋ ಅಂಟು) ಹಚ್ಚತೀನಿ ಅಂತಾನ ಅಂಗಡಿಯವ.

ಯಾದಗಿರಿ_15ಇಂಚು
ಬ್ಯಾಡ. ಎದ್ದ ಬಣ್ಣದ ಮ್ಯಾಲ ಸೀಲರ್ ಹಿಡಿಯಲ್ಲ. ಟೈರ್ ಇಳಿಸಿ, ಎರಡೂ ಅಂಚು ಸುತ್ತಾ ನುಣ್ಣನ ಎಮರಿ ಹಾಳೆಯಿಂದ ತಿಕ್ಕಿ, ಒರಸಿ, ಬೀಡ್ ಸೀಲರ್ ತೆಳ್ಳಗ ಹಚ್ಚಲಿ. ಮ್ಯಾಲ ಬ್ಯಾಲೆನ್ಸಿಂಗ್ ಮಾಡ್ಸ್ರಿ.

ಹುಮನಾಬಾದ್_ಪಾನಾ
ಹ್ಯಾಂಗೂ ಇಳಿಸ್ತೀರಿ, ಪಿನ್ ಭೀ ಹೊಸಾದು ಹಾಕ್ಸ್ರಿ.