ಮನಸೂರರ ಜೋಡರಾಗ, ಗಂಗೂಬಾಯಿಯವರ ಹಳೇ ರೆಕಾರ್ಡು, ಕುಮಾರರ ಹೊಸ ರಾಗ: ಇವು ಮಾತ್ರ ಯಾಕೆ ಕಿವಿಗೆ ಒಗ್ಗುತ್ತಿಲ್ಲ?

ಮೂರನೇ_ಸಾಲು

ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ, ಮೂವರೂ ನನಗೆ ಅಚ್ಚುಮೆಚ್ಚು. ಆದರೆ ಮೂವರದೂ ಕೆಲವು ಧ್ವನಿಮುದ್ರಿಕೆಗಳು ಎಷ್ಟು ಸಲ ಹಾಕಿದರೂ ಒಳಗಿಳಿಯುತ್ತಿಲ್ಲ.

ಮನಸೂರರ ಯಮನ್, ತೋಡಿ, ಭೀಮಪಲಾಸ ಎಷ್ಟು ಹೊತ್ತು ಬೇಕಾದರೂ ಕೇಳುತ್ತೇನೆ. ಎರಡು ರಾಗ ಬೆರೆತ ಬಸಂತಿ ಕೇದಾರ ಎಂಬ ಜೋಡರಾಗ, ಏಕ ನಿಷಾದ ಬಿಹಾಗಡಾ, ಖಟ್ ಬಂದರೆ ಐದು ನಿಮಿಷಕ್ಕೆ ದಿಕ್ಕು ತಪ್ಪುತ್ತದೆ. ರಾಗ ಬಿಚ್ಚಿಕೊಳ್ಳುವ ಮೊದಲೇ ತಾನ್ (ವೇಗದ ಸ್ವರಗುಚ್ಛ) ಶುರುವಾದಂತೆ ಅನಿಸುತ್ತದೆ. ಗಂಗೂಬಾಯಿಯವರ 1930ರ ದಶಕದ 78 ಆರ್‌ಪಿಎಂ ರೆಕಾರ್ಡುಗಳಲ್ಲಿ ಕೀಚಲು ಎನ್ನುವಷ್ಟು ತೆಳು ದನಿ. ವರ್ಗಾವಣೆಯಲ್ಲಿ ವೇಗ ಕೆಟ್ಟಿದೆಯೋ, ಅದು ನಿಜವಾಗಿ ಅವರದೇ ದನಿಯೋ ತಿಳಿಯುವುದಿಲ್ಲ. ಕುಮಾರರ ನಿರ್ಗುಣಿ ಭಜನೆ ಪ್ರಾಣ, ಆದರೆ ಗಾಂಧಿ ಮಲ್ಹಾರದಂಥ ಅವರೇ ಕಟ್ಟಿದ ರಾಗಗಳು ತುಂಡು ತುಂಡಾಗಿ ಕೇಳಿಸುತ್ತವೆ. ಭೀಮಸೇನ ಜೋಶಿಯವರನ್ನು ಕೇಳಿ ಪಳಗಿದ ಕಿವಿ ಇದು, ಅಷ್ಟು ಹೇಳಿದರೆ ರೋಗ ಎಲ್ಲಿದೆ ಅಂತ ನಿಮಗೆ ಗೊತ್ತಾಗಬಹುದು. “ಕೇಳ್ತಾ ಕೇಳ್ತಾ ಬರತ್ತೆ” ಅನ್ನುವ ಉತ್ತರ ಬೇಡ. ಏನು ಮಾಡಬೇಕು ಅಂತ ಹೇಳಿ.

ಸಮ್_ತಪ್ಪದವ

ರೋಗ ನೀವು ಭೀಮಸೇನರ ಬಗ್ಗೆ ಹೇಳಿದ ವಾಕ್ಯದಲ್ಲೇ ಇದೆ. ಭೀಮಸೇನರದು ಕಿರಾನಾ ಘರಾನಾ, ಅಂದರೆ ಗಾಯನದ ಮನೆತನ. ಅಲ್ಲಿ ಅತಿವಿಲಂಬಿತ (ತೀರಾ ನಿಧಾನದ) ಏಕತಾಲದ 12 ಮಾತ್ರೆಯ ಒಂದು ಆವರ್ತನ (ತಾಲದ ಒಂದು ಸುತ್ತು) ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯಬಹುದು. ಷಡ್ಜ, ಮಂದ್ರದ ನಿಷಾದ, ಗಾಂಧಾರ, ಹೀಗೆ ಒಂದೊಂದೇ ಸ್ವರ ಏರುತ್ತಾ ತಾರ ಷಡ್ಜ ಮುಟ್ಟುವ ಹೊತ್ತಿಗೆ ರಾಗ ನಿಮ್ಮ ಕೈಗೆ ಬಂದಿರುತ್ತದೆ. ಮನಸೂರರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಅವರು 1937ರಲ್ಲಿ ತೀರಿಕೊಂಡ ಮೇಲೆ ಭೂರ್ಜಿ ಖಾನ್, ಇವರಿಂದ ಜೈಪುರ-ಅತ್ರೌಲಿ ಪಡೆದವರು. ಈ ಮನೆತನದ ವಿಲಂಬಿತ ತೀನ್‌ತಾಲದಲ್ಲಿ 16 ಮಾತ್ರೆ ಇದ್ದರೂ ಆವರ್ತನ ಅರ್ಧ ನಿಮಿಷಕ್ಕೂ ಮೊದಲೇ ಮುಗಿಯುತ್ತದೆ. ಬಂದಿಶಿನ (ಕಟ್ಟಿದ ಹಾಡಿನ) ಎರಡು ಭಾಗಗಳಾದ ಸ್ಥಾಯಿ, ಅಂತರಾ ಆರಂಭದಲ್ಲೇ ಬಂದುಬಿಡುತ್ತವೆ. ರಾಗದ ಪೂರ್ತಿ ನಕ್ಷೆ ಇರುವುದು ಅಲ್ಲಿ. ಆಮೇಲೆ “ಆ” ಎಂದು ಹಾಡುವುದೆಲ್ಲ ಆ ನಕ್ಷೆಯ ಮೇಲೇ ಓಡಾಡುವುದು. ನೀವು ನಕ್ಷೆಯನ್ನು “ಪೀಠಿಕೆ” ಅಂತ ದಾಟಿಸಿ, ಬಢತ್ (ಒಂದೊಂದೇ ಸ್ವರವಾಗಿ ರಾಗ ಬೆಳೆಸುವುದು) ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೀರಿ. ಅದು ಬರುವುದೇ ಇಲ್ಲ.

ಹಾಗಾಗಿ ಹೀಗೆ ಮಾಡಿ. ಬಸಂತಿ ಕೇದಾರದ ಮೊದಲ ಮೂರ್ನಾಲ್ಕು ನಿಮಿಷ ಮಾತ್ರ ಕತ್ತರಿಸಿಟ್ಟುಕೊಳ್ಳಿ. ಸ್ಥಾಯಿಯ ಮುಖಡಾ (ಸಮ್‌ಗೆ, ಅಂದರೆ ತಾಲದ ಮೊದಲ ಮಾತ್ರೆಗೆ, ಕರೆತರುವ ತುಣುಕು) ಬಾಯಲ್ಲಿ ಗುನುಗಲು ಬರುವ ತನಕ ಮುಂದಕ್ಕೆ ಹೋಗಬೇಡಿ. ಜೊತೆಗೆ ಕೈಯಲ್ಲಿ ತಾಲ: 1, 5, 13ಕ್ಕೆ ಪೆಟ್ಟು, 9ಕ್ಕೆ ಖಾಲಿ (ಪೆಟ್ಟಿಲ್ಲದೆ ಕೈ ಬೀಸು). ಆರಂಭದಲ್ಲಿ ಎಲ್ಲರೂ ಎಡವುವುದು 13ರ ನಂತರ. ಮುಖಡಾ ಅಲ್ಲೇ ಎಲ್ಲೋ ಎದ್ದು ಸಮ್‌ಗೆ ಬೀಳುತ್ತದೆ, ನಾವು ಅದನ್ನೇ ಸಮ್ ಅಂದುಕೊಳ್ಳುತ್ತೇವೆ. ಮನಸೂರರು ಸಮ್‌ಗೆ ಬರುವ ಮುನ್ನ “ಬಂದೆ” ಅಂತ ಸನ್ನೆ ಕೊಡುವವರಲ್ಲ. ತಾನಿನ ಬಾಲದಲ್ಲೇ ಮುಖಡಾ ಹಿಡಿದು ಇಳಿಸಿಬಿಡುತ್ತಾರೆ. ತಬಲಾದ ಎಡಗೈ 9ರ ಸುತ್ತ ಮುಚ್ಚಿಕೊಂಡು 13ರ ಹತ್ತಿರ ಮತ್ತೆ ತೆರೆಯುವುದನ್ನು ಹಿಡಿದರೆ ದಾರಿ ತಪ್ಪುವುದಿಲ್ಲ.

ಇನ್ನು ಜೋಡರಾಗದ ವಿಚಾರ. ಬಸಂತವನ್ನೂ ಕೇದಾರವನ್ನೂ ಬೇರೆ ಬೇರೆಯಾಗಿ ಗುರುತಿಸಲು ಬಾರದೆ ಬಸಂತಿ ಕೇದಾರ ಕೇಳುವುದು ದಂಡ. ಎರಡಕ್ಕೂ ಬಾಗಿಲು ಒಂದೇ: ಷಡ್ಜದಿಂದ ಶುದ್ಧ ಮಧ್ಯಮಕ್ಕೆ ನೆಗೆತ. ಎರಡರಲ್ಲೂ ಅದಿದೆ, ಅದಕ್ಕೇ ಈ ಎರಡು ರಾಗಗಳನ್ನು ಕೂಡಿಸಲು ಆಗುವುದು. ಮಧ್ಯಮ ಮುಟ್ಟಿದ ಮೇಲೆ ಏನಾಗುತ್ತದೆ ನೋಡಿ. “ಮ ಪ, ಧ ಪ ಮ” ಅಂತ ಶುದ್ಧ ಧೈವತದ ಕಡೆ ಹೊರಟರೆ ಕೇದಾರ. “ಮ ಗ” ಅಂತ ಹಿಂದೆ ಸರಿದು, ತೀವ್ರ ಮಧ್ಯಮ, ಕೋಮಲ ಧೈವತದ ಮೂಲಕ ತಾರ ಷಡ್ಜಕ್ಕೆ ಏರಿದರೆ ಬಸಂತ. ಕೋಮಲ ರಿಷಭ ಕಿವಿಗೆ ಬಿದ್ದಲ್ಲೆಲ್ಲ ಬಸಂತದ ಮನೆಯಲ್ಲಿದ್ದೀರಿ. ಮೊದಲು ಹತ್ತು ನಿಮಿಷ ಬರೀ ಕೇದಾರ, ಹತ್ತು ನಿಮಿಷ ಬರೀ ಬಸಂತ, ಆಮೇಲೆ ಇದು. ಮಧ್ಯಮದ ಮೇಲೆ ಪ್ರತಿ ಸಲ ನಿಂತಾಗಲೂ “ಈಗ ಯಾವ ಕಡೆ?” ಎಂಬ ಕುತೂಹಲ ಹುಟ್ಟಿತೆಂದರೆ ಕೆಲಸ ಆಯಿತು, ಮನಸೂರರು ಆಟ ಆಡುವುದೇ ಅಲ್ಲಿ.

ಏಕ ನಿಷಾದ ಬಿಹಾಗಡಾದ ಕಷ್ಟ ಬೇರೆ ಥರದ್ದು. ಬಿಹಾಗಡಾದಲ್ಲಿ ಸಾಮಾನ್ಯವಾಗಿ ಎರಡು ನಿಷಾದ, ಇದರಲ್ಲಿ ಶುದ್ಧ ನಿಷಾದ ಒಂದೇ. ಅಂದರೆ ಬಿಹಾಗಕ್ಕೆ ತೀರಾ ಹತ್ತಿರ, ಬಿಹಾಗ ಗಟ್ಟಿ ಇಲ್ಲದಿದ್ದರೆ “ಇದೂ ಬಿಹಾಗವೇ ಅಲ್ಲವೇ” ಅನ್ನಿಸಿ ಬೇಸರ ಬರುತ್ತದೆ. ಸಂಪೂರ್ಣ ಮಾಲಕಂಸದ್ದೂ ಇದೇ ಕಥೆ: ಮಾಲಕಂಸದಲ್ಲಿ ಇಲ್ಲದ ರಿಷಭ, ಪಂಚಮ ಇಲ್ಲಿ ಬರುತ್ತವೆ, ಮಾಲಕಂಸ ಮೈಗೂಡಿದವರಿಗೆ ಮಾತ್ರ ಆ ಪಂಚಮ ಬೆಚ್ಚಿ ಬೀಳಿಸುತ್ತದೆ. ಖಟ್ ಕೊನೆಗಿಡಿ. ಅದರಲ್ಲಿ ಬೆರೆತಿರುವ ರಾಗಗಳು ಎರಡಲ್ಲ, ಹಲವು.

ಇನ್ನೊಂದು ಉಪಾಯ. ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್ ಅವರ 78ರ ರೆಕಾರ್ಡುಗಳಲ್ಲಿ ನಟ್ ಕಾಮೋದ, ಲಲಿತಾ ಗೌರಿ ಇವೆ. ಮೂರು ಚಿಲ್ಲರೆ ನಿಮಿಷದಲ್ಲಿ ಜೋಡರಾಗದ ಇಡೀ ಕಟ್ಟು ಸಿಕ್ಕಿಬಿಡುತ್ತದೆ. ಅವನ್ನು ಅರಗಿಸಿಕೊಂಡು ಮನಸೂರರ ಅರ್ಧ ಗಂಟೆಗೆ ಬನ್ನಿ.

ಮುಳ್ಳು_ಮತ್ತು_ತಟ್ಟೆ

ಗಂಗೂಬಾಯಿಯವರ ಬಗ್ಗೆ. ಅದು ಅವರದೇ ದನಿ. ಮೊದಲ ರೆಕಾರ್ಡುಗಳು ಬಂದದ್ದು ಗಾಂಧಾರಿ ಎಂಬ ಹೆಸರಲ್ಲಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಇಳಿದು, ನಾವೆಲ್ಲ ಬಲ್ಲ ಆ ಗಂಡುದನಿ ಬಂತು. ಕುಂದಗೋಳದಲ್ಲಿ ಕಿರಾನಾದ ಗುರು ಸವಾಯಿ ಗಂಧರ್ವರ ಬಳಿ ನಿಯಮಿತ ಪಾಠ ಶುರುವಾದದ್ದು 1938ರಲ್ಲಿ. ಅದಕ್ಕೂ ಹಿಂದಿನ ತಟ್ಟೆಗಳಲ್ಲಿ ಕಿರಾನಾದ ಗಂಗೂಬಾಯಿಯನ್ನು ಹುಡುಕಿದರೆ ಸಿಗುವುದಾದರೂ ಹೇಗೆ? ಚುರುಕಾದ, ಎತ್ತರದ ಶ್ರುತಿಯ ಬೇರೊಬ್ಬ ಗಾಯಕಿ ಅಂದುಕೊಂಡು ಕೇಳಿ. ತಾನಿನ ಸ್ವಚ್ಛತೆ ಆಗ ಕಾಣುತ್ತದೆ.

ವೇಗ ಇಳಿಸಿ ನಂತರದ ದನಿಗೆ ಹೊಂದಿಸುವ ಆಸೆಗೆ ಮಾತ್ರ ಬೀಳಬೇಡಿ. ಲೆಕ್ಕ ನೋಡಿ: ವೇಗ ಶೇ 6ರಷ್ಟು ಬದಲಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಸರಿಯುತ್ತದೆ. ಕಪ್ಪು ಐದನ್ನು (ಹಾರ್ಮೋನಿಯಂನ ಐದನೇ ಕಪ್ಪು ಮನೆಯ ಶ್ರುತಿ) ಕೆಳಗಿನ ಕಪ್ಪು ಒಂದಕ್ಕೆ ತರಲು ಒಂಬತ್ತು ಮನೆ ಇಳಿಸಬೇಕು. ಅಂದರೆ ವೇಗ ಮೂಲದ ಸುಮಾರು ಶೇ 60ಕ್ಕೆ ಇಳಿಯುತ್ತದೆ. ಮೂರು ನಿಮಿಷದ ಹಾಡು ಐದು ನಿಮಿಷ ಆಗಿ, ತಬಲಾ ಕೆಸರಲ್ಲಿ ನಡೆದಂತೆ ಕೇಳಿಸುತ್ತದೆ. ವರ್ಗಾವಣೆಯ ತಪ್ಪು ಇದ್ದರೆ ಅದು ಒಂದು ಮನೆಯ ಆಸುಪಾಸಿನದು, ಒಂಬತ್ತರದ್ದಲ್ಲ.

ಆದರೆ ಆ ಕೀಚಲುತನಕ್ಕೆ ವರ್ಗಾವಣೆಯ ಪಾಲೂ ಇರಬಹುದು. ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಈ ಕ್ರಮದಲ್ಲಿ ನೋಡಿ:

1. ಮೊದಲು ಎಡ-ಬಲ ಚಾನೆಲ್ ಕೂಡಿಸಿ ಮೋನೋ ಮಾಡಿ. 78ರ ತಟ್ಟೆಯಲ್ಲಿ ಸಂಗೀತ ಇರುವುದು ಮುಳ್ಳು ಅಡ್ಡಡ್ಡ ಅಲುಗುವುದರಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ-ಕೆಳಗಿನ ಅಲುಗಾಟವನ್ನೂ ಹಿಡಿಯುತ್ತದೆ, ಅದು ಬರೀ ಗದ್ದಲ. ಕೂಡಿಸಿದರೆ ಅದರಲ್ಲಿ ಬಹುಪಾಲು ಒಂದನ್ನೊಂದು ಕಳೆದುಕೊಳ್ಳುತ್ತದೆ. ಯಾವ ಫಿಲ್ಟರೂ ಇಲ್ಲದೆ ಇಷ್ಟಕ್ಕೇ ಅರ್ಧ ಚರಚರ ಹೋಗುತ್ತದೆ. ಕೂಡಿಸಿದಾಗ ದನಿಯೇ ಟೊಳ್ಳಾದರೆ ಒಂದು ಚಾನೆಲ್ ತಲೆಕೆಳಗಾಗಿದೆ. ಅದನ್ನು ಇನ್ವರ್ಟ್ ಮಾಡಿ ಮತ್ತೆ ಕೂಡಿಸಿ.

2. 80 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ. ಅಲ್ಲಿರುವುದು ಯಂತ್ರದ ಗುಡುಗು ಮಾತ್ರ. ಮೇಲೆ 6000-7000 ಹರ್ಟ್ಸ್ ಆಚೆ ಆ ಕಾಲದ ತಟ್ಟೆಯಲ್ಲಿ ಹಾಡಿಗಿಂತ ಸವೆತದ ಸದ್ದೇ ಜಾಸ್ತಿ, ಅದನ್ನು ಮೆಲ್ಲಗೆ ಇಳಿಜಾರಾಗಿ ಇಳಿಸಿ. ಚೂರಿ ಹಾಕಿದಂತೆ ಕತ್ತರಿಸಿದರೆ “ಸ”ಕಾರ ಸಾಯುತ್ತದೆ.

3. ಗದ್ದಲ ನಿವಾರಣೆ 6 ಡೆಸಿಬೆಲ್‌ಗಿಂತ ಹೆಚ್ಚು ಬೇಡ. ಅಂತರ್ಜಾಲದಲ್ಲಿ ಸಿಗುವ “ಶುದ್ಧೀಕರಿಸಿದ” ಪ್ರತಿಗಳಲ್ಲಿ ಮೊದಲು ಸಾಯುವುದು ತಂಬೂರಿ, ಯಾಕಂದರೆ ಎಡೆಬಿಡದೆ ಒಂದೇ ಸಮ ಬರುವ ಸದ್ದನ್ನು ಆ ಸಾಫ್ಟ್‌ವೇರ್ ಗದ್ದಲವೆಂದೇ ಲೆಕ್ಕ ಹಾಕುತ್ತದೆ. ತಂಬೂರಿ ಹೋದ ಮೇಲೆ ದನಿ ಬರಿಮೈಯಲ್ಲಿ ನಿಂತು ಕೀಚಲಾಗಿ ಕೇಳಿಸುತ್ತದೆ. ಎರಡು ಪ್ರತಿ ಸಿಕ್ಕರೆ ಗದ್ದಲ ಹೆಚ್ಚಿರುವುದನ್ನೇ ಆರಿಸಿಕೊಳ್ಳಿ.

ದನಿ ಕೀಚಲಲ್ಲ, ಬದಲಿಗೆ ಮಬ್ಬು ಅನಿಸುವ ವರ್ಗಾವಣೆಗಳೂ ಇವೆ. ಎಲ್‌ಪಿಗಾಗಿ ಇರುವ ಫೋನೋ ಪ್ರಿಆಂಪ್ಲಿಫೈಯರ್ ಮೂಲಕ 78 ನುಡಿಸಿದರೆ, ಅದು ಎಲ್‌ಪಿಯ ಆರ್‌ಐಎಎ ರೇಖೆಯ (ದನಿಯ ಏರಿಳಿತ ಸರಿದೂಗಿಸುವ ಮಾನದಂಡ) ಪ್ರಕಾರ ಮೇಲ್ದನಿಯನ್ನು ತಗ್ಗಿಸುತ್ತದೆ. ಆ ರೇಖೆ ಬಳಕೆಗೆ ಬಂದದ್ದೇ 1950ರ ದಶಕದಲ್ಲಿ. 2000ದಿಂದ 5000 ಹರ್ಟ್ಸ್ ನಡುವೆ 4-6 ಡೆಸಿಬೆಲ್ ಎತ್ತಿದರೆ ಮಾತು ಬಿಡಿಸಿ ಕೇಳುತ್ತದೆ.

ಸಾಧನಕೇರಿ

ಅಲ್ರೀ, ಇಷ್ಟೆಲ್ಲಾ ಸರ್ಕಸ್ ಯಾಕ? ದೊಡ್ಡವರು ಹಾಡಿದ್ದೆಲ್ಲಾ ಇಷ್ಟ ಆಗಬೇಕಂತ ಕರಾರು ಏನರ ಬರಕೊಟ್ಟೀರೇನು? 78ರ ತಟ್ಟ್ಯಾಗ ಮೂರು ಮಿನಿಟಿಗೆ ಖ್ಯಾಲ ಮುಗಸಬೇಕಿತ್ತು, ಎಲ್‌ಪಿ ಬಂದ ಮ್ಯಾಲೂ ಒಂದು ಮಗ್ಗಲಿಗೆ ಇಪ್ಪತ್ತು ಇಪ್ಪತ್ತೈದು ಮಿನಿಟು. ಮೈಫಿಲಿನ್ಯಾಗ (ಕಚೇರ್ಯಾಗ) ತಾಸುಗಟ್ಟಲೆ ಹಾಡವರು ಗಡಿಯಾರ ನೋಡಿ ಹಾಡಿದ್ದು ಅವಸರ ಅನಸಿದ್ರ ಅದು ನಿಮ್ಮ ಕಿವಿ ತಪ್ಪಲ್ಲ. ಮನಸೂರ ಅವರ ಎಲ್‌ಪಿ ಬಿಟ್ಟು ಮೈಫಿಲಿನ ಇಲ್ಲಾ ಆಕಾಶವಾಣಿ ಮುದ್ರಣ ಹಚ್ಚಿ ನೋಡ್ರಿ, ಅದs ರಾಗ ಇರಲಿ. ಅಲ್ಲೂ ಹಿಡಸಲಿಲ್ಲ ಅಂದ್ರ ಬಿಟ್ಟಬಿಡ್ರಿ, “ಅಕ್ಕ ಕೇಳವ್ವ” ಕೇಳ್ಕೋತ ಕುಂದರ್ರಿ.

ಸಮ್_ತಪ್ಪದವ

ಮೈಫಿಲಿನ ಮಾತು ಒಪ್ಪಿದೆ. ಆದರೆ ಜೈಪುರದವರಿಗೆ ಕಾಲದ ಮಿತಿ ಅಷ್ಟಾಗಿ ಕಾಟ ಕೊಟ್ಟಿಲ್ಲ. ಅವರ ಖ್ಯಾಲ ಮೊದಲೇ ಬಿಗಿ. ಎಲ್‌ಪಿಯಲ್ಲಿ ಏಟು ಬಿದ್ದದ್ದು ಹೆಚ್ಚಾಗಿ ಕಿರಾನಾದವರ ಬಢತ್‌ಗೆ.

ದೇವಾಸ್_ಗಾಡಿ

ಕುಮಾರರ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ಎರಡು ಮಾತು.

ಆ “ತುಂಡು” ಅನ್ನುವುದರ ಅರ್ಧ ಶರೀರದ್ದು. 1940ರ ದಶಕದ ಕೊನೆಗೆ ಕ್ಷಯ ಬಂದು ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು, ಮತ್ತೆ ಹಾಡಿದ್ದು 1950ರ ದಶಕದ ಆರಂಭದಲ್ಲಿ. ಉದ್ದ ಉಸಿರಿನ ಸಾಲು ಆಮೇಲೆ ಇಲ್ಲ. ಬಾಲಕ ಕುಮಾರನ 78ರ ರೆಕಾರ್ಡು ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇನ್ನರ್ಧ ಬೇಕೆಂದೇ ಮಾಡಿದ್ದು: ಚಿಕ್ಕ ನುಡಿ, ಮೌನ, ಮತ್ತೊಂದು ನುಡಿ. ಆ ಮೌನದಲ್ಲಿ ತಂಬೂರಿ ಹಾಡುತ್ತಿರುತ್ತದೆ, ಅವರು ತಂಬೂರಿ ಶ್ರುತಿ ಮಾಡುವುದರಲ್ಲಿ ಅಷ್ಟು ಹಟ ಹಿಡಿಯುತ್ತಿದ್ದುದೂ ಅದಕ್ಕೇ. ತಂಬೂರಿ ಕೇಳದ ಕಡೆ ಕುಮಾರರನ್ನು ಕೇಳಿದರೆ ಉಳಿಯುವುದು ಚೂರುಗಳೇ.

ಅವರದು ಪಿಸುಮಾತಿನಿಂದ ಕೂಗಿನ ತನಕ ಹೋಗುವ ಗಾಯನ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿದರೆ ಪಿಸುಮಾತು ಮಾಯ. ಆಪ್‌ನಲ್ಲಿ “ವಾಲ್ಯೂಮ್ ನಾರ್ಮಲೈಸೇಶನ್” ಇದ್ದರೆ ಜೋರು ಮಟ್ಟದ ಆಯ್ಕೆ ತೆಗೆಯಿರಿ. ಅದು ಸಣ್ಣ ದನಿಯನ್ನೂ ದೊಡ್ಡ ದನಿಯನ್ನೂ ಹತ್ತಿರ ತರಬಹುದು, ತಂದರೆ ಕುಮಾರರ ಮುಕ್ಕಾಲು ಪಾಲು ಹೋಯಿತು. ಸದ್ದಿಲ್ಲದ ಕೋಣೆ, ಸ್ಪೀಕರು, ತಂಬೂರಿ ಬಿಡಿಸಿ ಕೇಳುವಷ್ಟು ವಾಲ್ಯೂಮು.

ಗಾಂಧಿ ಮಲ್ಹಾರ 1969ರ ಗಾಂಧಿ ಶತಮಾನೋತ್ಸವದ ಸಮಯದ್ದು. ನೇರ ಅದಕ್ಕೆ ಹೋಗದೆ ಮೊದಲು ಅವರ ಮಾಳವಾ ಜನಪದ ಗೀತೆಗಳಿಗೆ ಹೋಗಿ. ಅವರ ಹೊಸ ರಾಗಗಳು ಹಲವು ಆ ಧುನ್‌ಗಳಿಂದ (ಜನಪದ ಮಟ್ಟುಗಳಿಂದ) ಎದ್ದವು. ಧುನ್ ಎಷ್ಟು ಚಿಕ್ಕದು, ಎಲ್ಲಿ ನಿಲ್ಲುತ್ತದೆ ಗೊತ್ತಾದರೆ ರಾಗದಲ್ಲಿ ಆ ನಿಲುಗಡೆಗಳು ಅಚ್ಚರಿ ಅನಿಸುವುದಿಲ್ಲ. ಮಲ್ಹಾರದ ಮಟ್ಟಿಗೆ ಮಿಯಾಂ ಮಲ್ಹಾರ, ಗೌಡ ಮಲ್ಹಾರ ಎರಡಾದರೂ ಗಟ್ಟಿ ಇರಲಿ.

ಮೂರನೇ_ಸಾಲು

ಮಧ್ಯಮದ ಬಾಗಿಲಿನ ವಿಚಾರ ಈಗಲೇ ಪ್ರಯೋಗಕ್ಕೆ ಹಾಕುತ್ತೇನೆ. ಮೈಫಿಲಿನ ಮುದ್ರಣ ಅಂದಿರಲ್ಲ, ನನ್ನ ಹತ್ತಿರ ಇರುವುದು ಕ್ಯಾಸೆಟ್ ನಕಲುಗಳು. ಮನಸೂರರ ದನಿ ಅದರಲ್ಲಿ ಮಂಕು, ಶ್ರುತಿಯೂ ಬೇರೆ ಮುದ್ರಣಗಳಿಗಿಂತ ಕೆಳಗೆ. ಇದಕ್ಕೂ ಏನಾದರೂ ದಾರಿ?

ಮುಳ್ಳು_ಮತ್ತು_ತಟ್ಟೆ

ಮಂಕಿಗೆ ಈಕ್ವಲೈಸರ್ ಮುಟ್ಟುವ ಮೊದಲು ಡೆಕ್ಕಿನ ಹೆಡ್ (ಟೇಪು ಓದುವ ಭಾಗ) ನೋಡಿ. ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹೆಡ್, ಕ್ಯಾಪ್‌ಸ್ಟನ್ (ಟೇಪು ಎಳೆಯುವ ತಿರುಗುಕಡ್ಡಿ) ಒರೆಸಿ. ಕಂದು ಪುಡಿ ಬರುವುದು ನಿಂತ ಮೇಲೆ ಮುಂದಿನ ಕೆಲಸ. ಪ್ಲೇಬ್ಯಾಕ್ ಹೆಡ್‌ನ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದು ಅಜಿಮತ್ (ಹೆಡ್ಡಿನ ಕೋನ) ಸ್ಕ್ರೂ. ಮೋನೋದಲ್ಲಿ ಕೇಳುತ್ತಾ ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತಿಗಿಂತ ಕಡಿಮೆ ಆ ಕಡೆ ಈ ಕಡೆ ತಿರುಗಿಸಿ, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಅತಿ ಸ್ಪಷ್ಟವಾಗುವ ಕಡೆ ನಿಲ್ಲಿಸಿ. ನಕಲು ಮಾಡಿದ ಡೆಕ್ಕಿನ ಕೋನ ಬೇರೆ ಇರುತ್ತದೆ, ಆದ್ದರಿಂದ ಕ್ಯಾಸೆಟ್ ಕ್ಯಾಸೆಟ್‌ಗೂ ಇದನ್ನು ಮಾಡಬೇಕು. ಮೂಲ ಸ್ಥಾನ ಗುರುತು ಹಾಕಿಕೊಳ್ಳಿ.

ಶ್ರುತಿಗೆ: ಬೆಲ್ಟ್ ಸಡಿಲವಾದರೆ ನಿಮ್ಮ ಡೆಕ್ ನಿಧಾನ ಓಡುತ್ತದೆ. ಎಲ್ಲ ಕ್ಯಾಸೆಟ್‌ಗಳೂ ಒಂದೇ ಪ್ರಮಾಣದಲ್ಲಿ ಕೆಳಗಿದ್ದರೆ ದೋಷ ಡೆಕ್ಕಿನದು, ಬೆಲ್ಟ್ ಬದಲಿಸಿ. ಒಂದೇ ಕ್ಯಾಸೆಟ್ ಕೆಳಗಿದ್ದರೆ ಕಂಪ್ಯೂಟರಿಗೆ ಹಾಕಿಕೊಂಡು ಸ್ಪೆಕ್ಟ್ರಮ್‌ನಲ್ಲಿ ವಿದ್ಯುತ್ತಿನ ಗುಂಯ್‌ಗುಡುವಿಕೆ ಹುಡುಕಿ. ನಮ್ಮ ಕರೆಂಟು 50 ಹರ್ಟ್ಸ್. ಮೈಫಿಲಿನಲ್ಲಿ ಸೇರಿದ ಆ ಗೆರೆ 47ರಲ್ಲಿ ಕಂಡರೆ ಟೇಪು ಶೇ 6 ನಿಧಾನ, ಹೆಚ್ಚುಕಡಿಮೆ ಒಂದು ಮನೆ. ವೇಗ ಅಷ್ಟು ಏರಿಸಿ. ಸರಿಯಾಗಿ 50ರಲ್ಲಿ ಇನ್ನೊಂದು ಗೆರೆಯೂ ಇದ್ದರೆ ಅದು ನಿಮ್ಮ ಮನೆಯ ಕರೆಂಟಿನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 80 ಹರ್ಟ್ಸ್ ಕೆಳಗೆ ಕತ್ತರಿಸುವ ಕೆಲಸ ಇದಾದ ಮೇಲೆ. ಮೊದಲೇ ಕತ್ತರಿಸಿದರೆ ಅಳೆಯಲು ಗೆರೆಯೇ ಉಳಿದಿರುವುದಿಲ್ಲ.